ಚಿತ್ರ ನೋಡಿ ಹೇಳುವುದು ಓದಲ್ಲ: ಫೋನಿಕ್ಸ್, ಪುಟ್ಟ ಕತೆ ಮತ್ತು ನಮ್ಮ ಕಾಗುಣಿತ

ಒಂದನೇ ತರಗತಿಯ ಮಗುವೊಂದು ತನ್ನ ಪುಸ್ತಕದ ಪಾಠವನ್ನು ಎಲ್ಲೂ ತಡವರಿಸದೆ ಓದುತ್ತದೆ. ಬೆರಳು ಸಾಲಿನ ಮೇಲೆ ಓಡುತ್ತದೆ, ಪುಟವೂ ಸರಿಯಾದ ಜಾಗಕ್ಕೆ ತಿರುಗುತ್ತದೆ. ಅದೇ ಪಾಠದಲ್ಲಿರುವ ‘ಮರ’ ಎಂಬ ಪದವನ್ನು ಬೇರೆ ಹಾಳೆಯಲ್ಲಿ ಬರೆದು ತೋರಿಸಿದರೆ ಮಗು ಸುಮ್ಮನಾಗುತ್ತದೆ. ಇಲ್ಲವೇ ಪಕ್ಕದಲ್ಲಿ ಚಿತ್ರವೇನಾದರೂ ಇದೆಯೇ ಎಂದು ಹುಡುಕುತ್ತದೆ. ಇದನ್ನು ಕಾಣದ ಶಿಕ್ಷಕರು ಕಡಿಮೆ, ಪೋಷಕರೂ ಕಡಿಮೆ.

ಇಲ್ಲಿ ಮಗು ಓದುತ್ತಿರಲಿಲ್ಲ. ಕೇಳಿ ಕೇಳಿ ಪಾಠ ಬಾಯಿಪಾಠವಾಗಿತ್ತು, ಮರೆತ ಕಡೆ ಚಿತ್ರ ನೆನಪಿಸುತ್ತಿತ್ತು. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಇಡೀ ಪಾಠವನ್ನು ನೆನಪಿಟ್ಟುಕೊಳ್ಳುವುದೂ ಜಾಣತನವೇ. ಆದರೆ ದೊಡ್ಡವರು ಅದನ್ನೇ ಓದು ಎಂದು ನಂಬಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಮೂರನೇ, ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಪಾಠಗಳು ಉದ್ದವಾಗುತ್ತವೆ, ಚಿತ್ರಗಳು ಕಡಿಮೆಯಾಗುತ್ತವೆ, ಬಾಯಿಪಾಠ ಕೈಕೊಡುತ್ತದೆ. ಆಗ ಗಣಿತದ ಲೆಕ್ಕವನ್ನೂ ಪರಿಸರ ಅಧ್ಯಯನದ ಪ್ರಶ್ನೆಯನ್ನೂ ಓದಲಾಗದ ಮಗು ಎಲ್ಲ ವಿಷಯಗಳಲ್ಲೂ ಹಿಂದೆ ಬೀಳುತ್ತದೆ.

ಇದು ಸಣ್ಣ ಸಂಖ್ಯೆಯ ಮಕ್ಕಳ ಕತೆಯಲ್ಲ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ 2022ರ ವರದಿಯ ಪ್ರಕಾರ, ಮೂರನೇ ತರಗತಿಯ 100 ಮಕ್ಕಳಲ್ಲಿ ಎರಡನೇ ತರಗತಿಯ ಮಟ್ಟದ ಪಠ್ಯವನ್ನು ಓದಬಲ್ಲವರು ಸುಮಾರು 20 ಮಂದಿ ಮಾತ್ರ. ಐದನೇ ತರಗತಿಯಲ್ಲಿ ಈ ಸಂಖ್ಯೆ ಸುಮಾರು 43.

ಇದಕ್ಕೆ ಪರಿಹಾರವೆಂಬಂತೆ ಈಗ ಎಲ್ಲೆಡೆ ಕೇಳಿಬರುತ್ತಿರುವ ಹೆಸರು ‘ಫೋನಿಕ್ಸ್’. ನಮ್ಮ ನಗರಗಳ ಬಡಾವಣೆಗಳಲ್ಲೂ ಫೋನಿಕ್ಸ್ ತರಗತಿಯ ಫಲಕಗಳು ಕಾಣುತ್ತವೆ. ಫೋನಿಕ್ಸ್ ಎಂದರೇನು? ಅದನ್ನು ಪುಟ್ಟ ಕತೆಗಳ ಮೂಲಕ ಕಲಿಸುವುದೇಕೆ? ಇಂಗ್ಲಿಷಿಗಾಗಿ ರೂಪುಗೊಂಡ ಈ ಕ್ರಮ ಕನ್ನಡಕ್ಕೆ ಎಷ್ಟು ಹೊಂದುತ್ತದೆ? ಒಂದೊಂದಾಗಿ ನೋಡೋಣ.

ಮಾತು ತಾನಾಗಿ ಬರುತ್ತದೆ, ಓದು ಬರುವುದಿಲ್ಲ

ಸುತ್ತಲಿನವರು ಮಾತನಾಡುವುದನ್ನು ಕೇಳಿಯೇ ಮಗು ಮಾತು ಕಲಿಯುತ್ತದೆ. ಅದಕ್ಕೆ ಪಾಠ ಬೇಕಿಲ್ಲ. ಓದು ಹಾಗಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷಗಳಷ್ಟೇ ಆಗಿವೆ. ಓದುವುದಕ್ಕೆಂದೇ ನಮ್ಮ ಮಿದುಳಿನಲ್ಲಿ ಹುಟ್ಟಿನಿಂದ ಬಂದ ಜಾಗವಿಲ್ಲ. ಆಕಾರಗಳನ್ನು ಗುರುತಿಸುವ ಭಾಗವನ್ನೂ ಮಾತಿನ ಧ್ವನಿಗಳನ್ನು ನಿಭಾಯಿಸುವ ಭಾಗವನ್ನೂ ಕಲಿಕೆಯ ಮೂಲಕ ಜೋಡಿಸಬೇಕಾಗುತ್ತದೆ. ಕಾಗದದ ಮೇಲಿನ ಗೆರೆಗೂ ಬಾಯಿಂದ ಹೊರಡುವ ಧ್ವನಿಗೂ ಇರುವ ನಂಟನ್ನು ಯಾರಾದರೂ ಹೇಳಿಕೊಡಲೇಬೇಕು.

1986ರಲ್ಲಿ ಫಿಲಿಪ್ ಗೌ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಸರಳ ಗುಣಾಕಾರವಾಗಿ ವಿವರಿಸಿದರು. ಒಂದು ಕಡೆ ಅಕ್ಷರಗಳನ್ನು ಬಿಡಿಸಿ ಪದವಾಗಿ ಉಚ್ಚರಿಸುವ ಶಕ್ತಿ, ಇನ್ನೊಂದು ಕಡೆ ಮಾತಿನ ಅರ್ಥ ತಿಳಿಯುವ ಶಕ್ತಿ. ಎರಡನ್ನೂ ಗುಣಿಸಿದರೆ ಬರುವುದೇ ಓದಿ ಅರ್ಥಮಾಡಿಕೊಳ್ಳುವ ಶಕ್ತಿ. ಇದನ್ನು ಅವರು ಕೂಡುವುದರ ಬದಲು ಗುಣಿಸಿದ್ದಕ್ಕೆ ಕಾರಣವಿದೆ. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಅಜ್ಜಿ ಹೇಳುವ ಕತೆಯನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುವ ಮಗುವಿಗೆ ಅಕ್ಷರ ಬಿಡಿಸಲು ಬಾರದಿದ್ದರೆ ಓದು ಬಾರದು. ಅಕ್ಷರಗಳನ್ನೆಲ್ಲ ಪಟಪಟನೆ ಉಚ್ಚರಿಸುವ ಮಗುವಿಗೆ ಆ ಭಾಷೆಯೇ ತಿಳಿಯದಿದ್ದರೂ ಓದು ಬಾರದು.

ಊಹಿಸಿ ಓದುವ ಕ್ರಮ ಎಲ್ಲಿಂದ ಬಂತು?

ಓದನ್ನು ಹೇಗೆ ಕಲಿಸಬೇಕು ಎಂಬ ಜಗಳ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ದಶಕಗಳಿಂದ ನಡೆದಿದೆ. 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬ ಲೇಖಕ, ಅಮೆರಿಕದ ಶಾಲೆಗಳು ಅಕ್ಷರ ಮತ್ತು ಧ್ವನಿಯ ನಂಟನ್ನು ಕಲಿಸದೆ ಇಡೀ ಪದವನ್ನು ಚಿತ್ರದಂತೆ ನೆನಪಿಡಲು ಹೇಳುತ್ತಿವೆ ಎಂದು ಕಟುವಾಗಿ ಟೀಕಿಸಿ ಪುಸ್ತಕ ಬರೆದ. 1967ರಲ್ಲಿ ಕೆನ್ ಗುಡ್‌ಮನ್ ಎಂಬ ಶಿಕ್ಷಣತಜ್ಞ ಇದಕ್ಕೆ ವಿರುದ್ಧವಾದ ವಾದ ಮಂಡಿಸಿದ. ಓದುವವರು ಪ್ರತಿ ಅಕ್ಷರವನ್ನೂ ನೋಡುವುದಿಲ್ಲ, ಸಂದರ್ಭವನ್ನೂ ವಾಕ್ಯದ ರಚನೆಯನ್ನೂ ಹಿಡಿದು ಮುಂದಿನ ಪದವನ್ನು ಊಹಿಸುತ್ತಾರೆ ಎಂಬುದು ಆತನ ಮಾತು. ಈ ವಿಚಾರ ಅನೇಕ ಶಾಲೆಗಳ ಪಾಠಕ್ರಮದೊಳಗೆ ಹೊಕ್ಕಿತು. ಗೊತ್ತಿಲ್ಲದ ಪದ ಎದುರಾದಾಗ ಚಿತ್ರ ನೋಡು, ಮೊದಲ ಅಕ್ಷರ ನೋಡು, ಯಾವ ಪದ ಹೊಂದುತ್ತದೆ ಎಂದು ಯೋಚಿಸು ಎಂದು ಮಕ್ಕಳಿಗೆ ಹೇಳಿಕೊಡಲಾಯಿತು.

ನಂತರದ ಸಂಶೋಧನೆಗಳು ಈ ಊಹೆಯ ವಾದವನ್ನು ಎತ್ತಿ ಹಿಡಿಯಲಿಲ್ಲ. ಚೆನ್ನಾಗಿ ಓದಬಲ್ಲವರು ಪದದ ಅಕ್ಷರಗಳನ್ನು ನಿಜಕ್ಕೂ ನೋಡುತ್ತಾರೆ, ಆದರೆ ಅದು ನಮ್ಮ ಅರಿವಿಗೆ ಬಾರದಷ್ಟು ವೇಗವಾಗಿ ನಡೆಯುತ್ತದೆ. ಸಂದರ್ಭ ನೋಡಿ ಊಹಿಸುವುದಕ್ಕೆ ಹೆಚ್ಚಾಗಿ ಮೊರೆಹೋಗುವವರು ಓದಲು ಕಷ್ಟಪಡುವವರೇ. ಅಮೆರಿಕದ ‘ನ್ಯಾಷನಲ್ ರೀಡಿಂಗ್ ಪ್ಯಾನೆಲ್’ 2000ದಲ್ಲಿ ಕೊಟ್ಟ ವರದಿಯಲ್ಲಿ, ಕ್ರಮಬದ್ಧವಾಗಿ ಫೋನಿಕ್ಸ್ ಕಲಿಸುವುದರಿಂದ ಮಕ್ಕಳಿಗೆ ಪ್ರಯೋಜನವಿದೆ ಎಂದು ಹೇಳಿತು. 2006ರಲ್ಲಿ ಇಂಗ್ಲೆಂಡಿನ ‘ರೋಸ್ ವರದಿ’ ಕೂಡ ಇದೇ ದಾರಿ ತೋರಿಸಿತು.

2012ರಿಂದ ಇಂಗ್ಲೆಂಡಿನ ಒಂದನೇ ವರ್ಷದ ಮಕ್ಕಳಿಗೆ 40 ಪದಗಳ ಒಂದು ಸಣ್ಣ ಪರೀಕ್ಷೆ ನಡೆಯುತ್ತಿದೆ. ಇದರಲ್ಲಿ ಅರ್ಧದಷ್ಟು ಪದಗಳಿಗೆ ಅರ್ಥವೇ ಇಲ್ಲ. ಅರ್ಥವಿಲ್ಲದ ಪದವನ್ನು ಬಾಯಿಪಾಠ ಮಾಡಿರಲು ಸಾಧ್ಯವಿಲ್ಲ, ಚಿತ್ರ ನೋಡಿ ಊಹಿಸಲೂ ಆಗದು. ಅಕ್ಷರ ಬಿಡಿಸಿಯೇ ಓದಬೇಕು. ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ‘ನಗರ’, ‘ಸಮಯ’ ಎಂಬ ಪದಗಳ ಜೊತೆ ‘ನಬರ’, ‘ಸಗದ’ ಎಂದು ಬರೆದು ತೋರಿಸಿ. ಮಗು ‘ನಬರ’ ಎಂದು ಓದಿ ‘ಹಂಗಂದ್ರೇನು?’ ಎಂದು ಕೇಳಿದರೆ ಅದಕ್ಕೆ ಓದಲು ಬರುತ್ತದೆ. ‘ನಗರ’ ಎಂದೇ ಹೇಳಿದರೆ ಅದು ಊಹಿಸುತ್ತಿದೆ.

ಫೋನಿಕ್ಸ್ ಎಂದರೇನು?

ಇಂಗ್ಲಿಷಿನಲ್ಲಿ 26 ಅಕ್ಷರಗಳಿವೆ, ಧ್ವನಿಗಳು ಸುಮಾರು 44. ಅಂದರೆ ಒಂದೇ ಅಕ್ಷರ ಹಲವು ಕೆಲಸ ಮಾಡಬೇಕು. ‘ಎ’ ಎಂಬ ಅಕ್ಷರವನ್ನೇ ನೋಡಿ. ‘ಕ್ಯಾಟ್’, ‘ಕೇಕ್’, ‘ಕಾಲ್’ ಎಂಬ ಮೂರು ಪದಗಳ ಕಾಗುಣಿತದಲ್ಲಿ ಅದು ಇದೆ, ಮೂರರಲ್ಲೂ ಬೇರೆ ಬೇರೆಯಾಗಿ ಉಚ್ಚಾರವಾಗುತ್ತದೆ. ಹೀಗಿರುವಾಗ ಅಕ್ಷರದ ಹೆಸರು ಕಲಿತ ಮಾತ್ರಕ್ಕೆ ಪದ ಓದಲಾಗದು. ‘ಸಿ, ಎ, ಟಿ’ ಎಂದು ಎಷ್ಟು ವೇಗವಾಗಿ ಹೇಳಿದರೂ ಅದು ‘ಸಿಯೇಟಿ’ ಆಗುತ್ತದೆಯೇ ಹೊರತು ‘ಕ್ಯಾಟ್’ ಆಗುವುದಿಲ್ಲ.

ಫೋನಿಕ್ಸ್ ಕ್ರಮದಲ್ಲಿ ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಕಲಿಸುತ್ತಾರೆ. ಅದನ್ನೂ ಎ, ಬಿ, ಸಿ, ಡಿ ಎಂಬ ಸಾಲಿನಲ್ಲಿ ಕಲಿಸುವುದಿಲ್ಲ. ಹೆಸರಾಂತ ಹಲವು ಪಾಠಕ್ರಮಗಳಲ್ಲಿ ಮೊದಲು ಬರುವುದು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳು. ಈ ಆರನ್ನು ಕಲಿತರೆ ಸಾಕು, ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್, ಟಿನ್, ಪ್ಯಾನ್, ಆ್ಯಂಟ್ ಎಂದು ಹತ್ತಾರು ಪದಗಳನ್ನು ಓದಬಹುದು. ವರ್ಣಮಾಲೆಯ ಮೊದಲ ಆರು ಅಕ್ಷರಗಳಿಂದ ಇಷ್ಟು ಪದಗಳು ಹುಟ್ಟುವುದಿಲ್ಲ. ಇದು ಗಟ್ಟಿಯಾದ ಮೇಲೆ ಎರಡು ಅಕ್ಷರ ಸೇರಿ ಒಂದೇ ಧ್ವನಿ ಕೊಡುವ ಜೋಡಿಗಳು ಬರುತ್ತವೆ. ಆಮೇಲೆ ಪದದ ಕೊನೆಯಲ್ಲಿ ‘ಇ’ ಬಂದು ಹಿಂದಿನ ಸ್ವರವನ್ನು ಬದಲಿಸುವಂಥ ಕಟ್ಟಳೆಗಳು ಬರುತ್ತವೆ. ‘ಟ್ಯಾಪ್’ ಎಂಬುದಕ್ಕೆ ಕೊನೆಯಲ್ಲಿ ಆ ಅಕ್ಷರ ಸೇರಿಸಿದರೆ ‘ಟೇಪ್’ ಆಗುವುದು ಇಂಥ ಕಟ್ಟಳೆ.

ಇದರಲ್ಲಿ ಕತೆಗೇನು ಕೆಲಸ?

ಬರೀ ಪದಗಳ ಪಟ್ಟಿಯನ್ನು ಓದಿಸಿದರೆ ಮಗುವಿಗೆ ಬೇಸರ ಬರುತ್ತದೆ. ಓದುವುದು ಯಾಕೆ ಎಂಬುದೂ ತಿಳಿಯುವುದಿಲ್ಲ. ಹಾಗೆಂದು ಮಾಮೂಲಿ ಕತೆಪುಸ್ತಕ ಕೊಟ್ಟರೆ ಅದರಲ್ಲಿ ಇನ್ನೂ ಕಲಿಯದ ಅಕ್ಷರಗಳೇ ತುಂಬಿರುತ್ತವೆ. ಮಗು ಮತ್ತೆ ಚಿತ್ರ ನೋಡಿ ಊಹಿಸಲು ತೊಡಗುತ್ತದೆ. ಹೀಗಾಗಿ ಕಲಿತ ಅಕ್ಷರಗಳಿಂದಷ್ಟೇ ಕಟ್ಟಿದ ಪುಟ್ಟ ಕತೆಗಳು ಹುಟ್ಟಿಕೊಂಡವು. ಇವನ್ನು ‘ಡಿಕೋಡಬಲ್’ ಕತೆಗಳು ಎನ್ನುತ್ತಾರೆ. ನಾವು ಇವನ್ನು ‘ಬಿಡಿಸಿ ಓದುವ ಕತೆಗಳು’ ಎಂದು ಕರೆಯಬಹುದು.

ಮೇಲೆ ಹೇಳಿದ ಆರೇ ಅಕ್ಷರಗಳಿಂದ ಇಂಥದ್ದೊಂದು ಕತೆ ಕಟ್ಟಬಹುದು: ‘ಆ್ಯನ್ ಆ್ಯಂಟ್ ಇನ್ ಎ ಟಿನ್. ಪ್ಯಾಟ್ ಟ್ಯಾಪ್ಸ್ ಇಟ್. ನಿಪ್! ನಿಪ್!’ ಡಬ್ಬಿಯೊಳಗೊಂದು ಇರುವೆ, ಪ್ಯಾಟ್ ಎಂಬ ಹುಡುಗ ಅದನ್ನು ತಟ್ಟುತ್ತಾನೆ, ಅದು ಚುರುಕ್ ಎಂದು ಕಚ್ಚುತ್ತದೆ. ಕತೆ ಇಷ್ಟೇ. ಆದರೆ ಮಗು ಇದನ್ನು ಯಾರ ಸಹಾಯವೂ ಇಲ್ಲದೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ತಾನೇ ಓದಿ ನಗುತ್ತದೆ.

ಹೀಗೆ ತಾನೇ ಬಿಡಿಸಿ ಓದುವುದರಿಂದ ಇನ್ನೊಂದು ಲಾಭವೂ ಇದೆ. ಒಂದು ಪದವನ್ನು ಕೆಲವು ಸಲ ಸರಿಯಾಗಿ ಬಿಡಿಸಿ ಓದಿದರೆ ಅದರ ರೂಪ ನೆನಪಿನಲ್ಲಿ ನಿಲ್ಲುತ್ತದೆ, ಮುಂದಿನ ಸಲ ನೋಡಿದೊಡನೆ ಗುರುತು ಸಿಗುತ್ತದೆ. ಡೇವಿಡ್ ಶೇರ್ ಎಂಬ ಸಂಶೋಧಕ 1995ರಲ್ಲಿ ಇದನ್ನು ‘ಸ್ವಯಂ ಕಲಿಕೆ’ಯ ಸಿದ್ಧಾಂತವಾಗಿ ಮಂಡಿಸಿದ. ಅಂದರೆ ಸಾವಿರಾರು ಪದಗಳನ್ನು ಯಾರೂ ಒಂದೊಂದಾಗಿ ಕಲಿಸಬೇಕಿಲ್ಲ. ಬಿಡಿಸುವ ದಾರಿ ಸಿಕ್ಕರೆ ಮಗು ತಾನೇ ಕಲಿಯುತ್ತಾ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಕ್ರಮಬದ್ಧ ಫೋನಿಕ್ಸ್ ಬೋಧನೆಯ ಪರವಾಗಿ ಇರುವಷ್ಟು ಗಟ್ಟಿಯಾದ ಪುರಾವೆ ಈ ಬಿಡಿಸಿ ಓದುವ ಕತೆಗಳ ಪರವಾಗಿ ಇನ್ನೂ ಇಲ್ಲ. ಎಷ್ಟು ಕಾಲ ಇಂಥ ಕತೆಗಳನ್ನೇ ಓದಿಸಬೇಕು, ಯಾವಾಗ ಬಿಡಬೇಕು ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ ಫೋನಿಕ್ಸಿಗೆ ಅತಿಯಾದ ಒತ್ತು ಸಿಕ್ಕಿದೆ, ಅರ್ಥಕ್ಕೂ ಓದುವ ಸಂತೋಷಕ್ಕೂ ಜಾಗ ಕಡಿಮೆಯಾಗಿದೆ ಎಂದು 2022ರಲ್ಲಿ ಡಾಮಿನಿಕ್ ವೈಸ್ ಮತ್ತು ಆಲಿಸ್ ಬ್ರಾಡ್‌ಬರಿ ಎಂಬ ವಿದ್ವಾಂಸರು ವಾದಿಸಿದರು. ಹೀಗಾಗಿ ಇಂಥ ಕತೆಗಳನ್ನು ಸೈಕಲ್ ಕಲಿಯುವಾಗ ಹಿಂದೆ ಹಾಕುವ ಪುಟ್ಟ ಚಕ್ರಗಳಂತೆ ನೋಡುವುದು ಒಳ್ಳೆಯದು. ಸ್ವಲ್ಪ ಕಾಲಕ್ಕೆ ಬೇಕು, ಆಮೇಲೆ ಬೇಡ.

‘ಕನ್ನಡ ಬರೆದಂತೆ ಓದುವ ಭಾಷೆ, ಅದಕ್ಕೆ ಇದೆಲ್ಲ ಬೇಕಿಲ್ಲ’

ಇದು ನಾವು ಪದೇ ಪದೇ ಕೇಳುವ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಕನ್ನಡದಲ್ಲಿ ‘ಕ’ ಎಲ್ಲಿದ್ದರೂ ‘ಕ’ವೇ. ಅಕ್ಷರಕ್ಕೂ ಧ್ವನಿಗೂ ಇಷ್ಟು ನಿಕಟ ನಂಟಿರುವ ಭಾಷೆಗಳಲ್ಲಿ ಬಿಡಿಸಿ ಓದುವುದು ಬೇಗ ಬರುತ್ತದೆ ಎಂಬುದೂ ನಿಜ. ಇಂಗ್ಲಿಷ್ ಸೇರಿ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫಿನ್ನಿಶ್‌ನಂಥ ಭಾಷೆಗಳ ಮಕ್ಕಳು ಶಾಲೆಯ ಮೊದಲ ವರ್ಷದ ಕೊನೆಗೇ ಸಾಮಾನ್ಯ ಪದಗಳನ್ನು ಸರಿಯಾಗಿ ಓದುತ್ತಿದ್ದರು. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಕಾಲ ಬೇಕಾಯಿತು.

ಆದರೆ ಕನ್ನಡದ ಕಷ್ಟ ಬೇರೆ ಕಡೆ ಇದೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಅದರಲ್ಲಿ 34 ವ್ಯಂಜನಗಳು. ಅವುಗಳಿಗೆ ಸ್ವರದ ಗುರುತುಗಳನ್ನು ಸೇರಿಸಿದರೆ ಕಾಗುಣಿತವೇ 400 ಅಕ್ಷರಗಳನ್ನು ದಾಟುತ್ತದೆ. ಒತ್ತಕ್ಷರಗಳು ಅದರ ಮೇಲೆ. ಕೆಲವು ಗುರುತುಗಳು ಅಕ್ಷರದ ತಲೆಯ ಮೇಲೆ ಬರುತ್ತವೆ, ಕೆಲವು ಬಲಕ್ಕೆ, ಕೆಲವು ಕೆಳಗೆ. ‘ಮ’ ಮತ್ತು ‘ವು’ ನೋಡಲು ಒಂದೇ ತರಹ ಇವೆ. ‘ಸೂರ್ಯ’ ಎಂಬ ಪದದಲ್ಲಿ ‘ಯ’ ಮೊದಲು ಕಾಣುತ್ತದೆ, ಅರ್ಕಾವೊತ್ತು ಆಮೇಲೆ. ಉಚ್ಚರಿಸುವಾಗ ಮಾತ್ರ ‘ರ್’ ಮೊದಲು ಬರಬೇಕು.

ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸುತ್ತದೆ. ಯುರೋಪಿನ ಮಕ್ಕಳು ತಮ್ಮ ಅಕ್ಷರಗಳನ್ನು ಮೊದಲ ವರ್ಷದಲ್ಲೇ ಕಲಿತು ಮುಗಿಸಿದರೆ, ಕನ್ನಡದ ಮಕ್ಕಳ ಅಕ್ಷರ ಕಲಿಕೆ ಮೂರನೇ, ನಾಲ್ಕನೇ ತರಗತಿಯವರೆಗೂ ನಡೆದಿರುತ್ತದೆ. ‘ಕಿ’ಯೊಳಗೆ ‘ಕ್’ ಮತ್ತು ‘ಇ’ ಎಂಬ ಎರಡು ಧ್ವನಿಗಳಿವೆ ಎಂಬ ಅರಿವೂ ನಿಧಾನವಾಗಿ ಮೂಡುತ್ತದೆ. ಒಂದನೇ ತರಗತಿಯ ಕೊನೆಗೆ ಮಗುವಿಗೆ ಎಲ್ಲ ಕಾಗುಣಿತ ಬರಲಿಲ್ಲವೆಂದು ಗದರುವ ಮೊದಲು ಪೋಷಕರು ಇದನ್ನು ನೆನಪಿಟ್ಟುಕೊಳ್ಳಬೇಕು. ಕನ್ನಡದ ಲಿಪಿಗೆ ಹೆಚ್ಚು ಕಾಲ ಬೇಕು. ಅದು ಮಗುವಿನ ದೋಷವಲ್ಲ.

ಹತ್ತು ಅಕ್ಷರಗಳ ಕತೆ

ಇಂಗ್ಲಿಷ್ ಫೋನಿಕ್ಸಿನ ಅಕ್ಷರ ಸಾಲನ್ನು ಕನ್ನಡಕ್ಕೆ ತರುವುದರಲ್ಲಿ ಅರ್ಥವಿಲ್ಲ. ಅದರ ಹಿಂದಿನ ತತ್ವವನ್ನು ಮಾತ್ರ ತರಬಹುದು: ಸ್ವಲ್ಪ ಕಲಿಸು, ಕಲಿಸಿದ್ದರಿಂದಲೇ ಪದ ಮತ್ತು ಕತೆ ಕಟ್ಟಿ ಓದಿಸು, ಆಮೇಲೆ ಇನ್ನಷ್ಟು ಸೇರಿಸು.

ಇದು ಕರ್ನಾಟಕಕ್ಕೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿ ಅ, ಆ, ಇ, ಈ ಎಂಬ ಸಾಲನ್ನು ಬದಿಗಿಟ್ಟಿತು. ಅಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂದು ಓದಬಹುದು. ಮುಂದೆ ಜ, ವ, ಮ, ಬ, ನ ಸೇರಿದರೆ ಜನ, ಮರ, ಮಗ, ವನ, ದನ, ನಗರ, ಬಸವ ಎಂದು ಪದಗಳು ಬೆಳೆಯುತ್ತವೆ. ಸ್ವರಗಳಿಂದಲೇ ಆರಂಭಿಸಿದರೆ ಅ, ಆ, ಇ, ಈ ಕಲಿತ ಮಗುವಿನ ಕೈಯಲ್ಲಿ ಓದುವುದಕ್ಕೆ ಪದಗಳೇ ಇರುವುದಿಲ್ಲ. ಅಷ್ಟು ದಿನ ಬರೀ ಅಕ್ಷರ ತಿದ್ದುತ್ತಾ ಕೂರಬೇಕಾಗುತ್ತದೆ.

ಈ ಹತ್ತು ಅಕ್ಷರಗಳಿಗೆ ಸೊನ್ನೆಯನ್ನು ಮಾತ್ರ ಸೇರಿಸಿಕೊಂಡು ಉದಾಹರಣೆಗಾಗಿ ನಾವೊಂದು ಕತೆ ಕಟ್ಟಿದ್ದೇವೆ. ಸೊನ್ನೆ ಯಾಕೆಂದರೆ ಕನ್ನಡದ ಕ್ರಿಯಾಪದಗಳಿಗೆ ಹೆಚ್ಚಾಗಿ ಗುಡಿಸು, ಕೊಂಬು, ಏತ್ವ ಬೇಕಾಗುತ್ತವೆ. ಸೊನ್ನೆ ಇದ್ದರೆ ‘ಬಂದ’, ‘ಅಂದ’ ಎಂಬ ಎರಡು ಕ್ರಿಯಾಪದಗಳು ಸಿಗುತ್ತವೆ, ಕತೆ ನಡೆಯುತ್ತದೆ.

ಬಸವ ಬಂದ.
ಬಸವನ ಮಗ ಬಂದ.
‘ಗರಗಸ’ ಅಂದ ಬಸವ.
‘ಅಂದದ ಮರ!’ ಅಂದ ಮಗ.
‘ಅಂದದ ಮರ?’ ಅಂದ ಬಸವ.
‘ಅಂದದ ಮರ’ ಅಂದ ಮಗ.
ಮರ ಸರಸರ, ಸರಸರ.

ಒಂದೇ ಒಂದು ಕಾಗುಣಿತದ ಗುರುತಾಗಲಿ, ಒತ್ತಾಗಲಿ ಇದರಲ್ಲಿಲ್ಲ. ಆದರೂ ಇದು ಓದಿ ಮಾತನಾಡಬಹುದಾದ ಕತೆ. ಬಸವ ಗರಗಸ ಕೇಳಿದ್ದೇಕೆ? ಮಗನಿಗೆ ಏನು ಬೇಕಿತ್ತು? ಕೊನೆಗೆ ಮರ ಕಡಿದರೇ? ಕಡಿದಿಲ್ಲವೆಂದು ಹೇಗೆ ಗೊತ್ತಾಯಿತು? ಅಕ್ಷರ ಬಿಡಿಸುವುದು ಮತ್ತು ಅರ್ಥ ಮಾಡಿಕೊಳ್ಳುವುದು ಎರಡೂ ಇಲ್ಲಿ ಒಟ್ಟಿಗೆ ನಡೆಯುತ್ತವೆ. ‘ಅಂದ’ ಎಂಬುದು ಒಂದು ಕಡೆ ‘ಹೇಳಿದ’, ಇನ್ನೊಂದು ಕಡೆ ‘ಚೆಂದ’ ಎಂಬುದನ್ನು ಮಗು ತಾನೇ ಕಂಡುಕೊಂಡರೆ ಇನ್ನೂ ಒಳ್ಳೆಯದು.

ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಗುರುತು ಸಾಕು. ಇಳಿ ಕಲಿಸಿದಾಗ ‘ದರ–ದಾರ’, ‘ಮನ–ಮಾನ’, ‘ಸರ–ಸಾರ’ ಎಂಬ ಜೋಡಿಗಳನ್ನು ಓದಿಸಬಹುದು. ಗುಡಿಸು ಬಂದಾಗ ‘ಮರ–ಮರಿ’, ‘ನರ–ನರಿ’, ‘ಗರ–ಗರಿ’. ಕೊಂಬು ಬಂದಾಗ ‘ಮಗ–ಮಗು’, ‘ನಗ–ನಗು’. ಒತ್ತಕ್ಷರಕ್ಕೆ ಬಂದಾಗ ‘ಮಗ–ಮಗ್ಗ’, ‘ಕತೆ–ಕತ್ತೆ’. ಒಂದು ಗುರುತು ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬುದು ಇಂಥ ಜೋಡಿಗಳಿಂದ ಮಗುವಿಗೆ ಮನದಟ್ಟಾಗುತ್ತದೆ. ‘ಕ ಕೊಂಬು ಕು, ಕ ಕೊಂಬಿನ ಇಳಿ ಕೂ’ ಎಂದು ಇಡೀ ಸಾಲನ್ನು ರಾಗವಾಗಿ ಹೇಳುವ ಮಕ್ಕಳಲ್ಲಿ ಅನೇಕರಿಗೆ ಸಾಲಿನ ಮಧ್ಯದ ಒಂದು ಅಕ್ಷರ ತೋರಿಸಿದರೆ ಗುರುತು ಸಿಗುವುದಿಲ್ಲ. ಬಾಯಿಪಾಠ ಬೇಡವೆಂದಲ್ಲ, ಅದರ ಜೊತೆಗೆ ಪದಗಳ ಓದೂ ನಡೆಯಬೇಕು.

ಕನ್ನಡ ಬಾಯಿಗೆ ಇಂಗ್ಲಿಷ್ ಫೋನಿಕ್ಸ್

ನಮ್ಮ ಮಕ್ಕಳು ಒಂದನೇ ತರಗತಿಯಿಂದಲೇ ಎರಡು ಲಿಪಿಗಳನ್ನು ಕಲಿಯುತ್ತಾರೆ. ಇಲ್ಲಿ ಒಂದು ಸಣ್ಣ ಸಂಗತಿ ದೊಡ್ಡ ಗೊಂದಲ ತರುತ್ತದೆ. ಕನ್ನಡದ ‘ಬ’ ಎಂಬುದರಲ್ಲಿ ‘ಅ’ಕಾರ ಸೇರಿಯೇ ಇದೆ. ಇಂಗ್ಲಿಷಿನ ‘ಬಿ’ ಅಕ್ಷರದ ಧ್ವನಿ ‘ಬ್’ ಮಾತ್ರ. ‘ಬ, ಆ್ಯ, ಟ’ ಎಂದು ಹೇಳಿಕೊಟ್ಟರೆ ಮಗು ಅದನ್ನು ಜೋಡಿಸಿ ‘ಬಆ್ಯಟ’ ಎನ್ನುತ್ತದೆ, ‘ಬ್ಯಾಟ್’ ಎನ್ನುವುದಿಲ್ಲ. ‘ಬ್, ಆ್ಯ, ಟ್’ ಎಂದು ಅರ್ಧ ಧ್ವನಿಯಲ್ಲೇ ಹೇಳಬೇಕು. ಕನ್ನಡ ಬಲ್ಲ ಶಿಕ್ಷಕರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ‘ಬ’ ಮತ್ತು ‘ಬ್’ ಬೇರೆ ಎಂಬುದನ್ನು ನಮ್ಮ ಲಿಪಿಯೇ ತೋರಿಸುತ್ತದೆ.

ವಿದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಇದೇ ಗೊಂದಲ ತಿರುಗಿ ಬರುತ್ತದೆ. ಅವರು ಇಂಗ್ಲಿಷ್ ಫೋನಿಕ್ಸ್ ಕಲಿತ ಮೇಲೆ ಕನ್ನಡಕ್ಕೆ ಬರುವುದರಿಂದ ‘ಕ’ ಎಂದರೆ ‘ಕ್’ ಎಂದುಕೊಳ್ಳುವುದುಂಟು. ಒಂದು ಅಕ್ಷರ ಒಂದು ಧ್ವನಿಯಲ್ಲ, ಒಂದು ಉಲಿ ಎಂದು ಮೊದಲೇ ತಿಳಿಸಿದರೆ ದಾರಿ ಸುಗಮವಾಗುತ್ತದೆ.

ಕೆಲವು ತಪ್ಪು ನಂಬಿಕೆಗಳು

‘ಫೋನಿಕ್ಸ್ ಬಂದರೆ ಓದು ಬಂದಂತೆ.’ ಇಲ್ಲ. ಅಮೆರಿಕದ ಆ ವರದಿಯೇ ಐದು ಅಂಗಗಳನ್ನು ಪಟ್ಟಿ ಮಾಡಿದೆ: ಧ್ವನಿಗಳ ಅರಿವು, ಫೋನಿಕ್ಸ್, ನಿರರ್ಗಳತೆ, ಪದಸಂಪತ್ತು, ಅರ್ಥಗ್ರಹಿಕೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಕೊಡವ ಅಥವಾ ಲಂಬಾಣಿ ಮಾತನಾಡುವ ಮಗುವಿಗೆ ಪುಸ್ತಕದ ಕನ್ನಡ ಪದಗಳ ಅರ್ಥವನ್ನೂ ಕಲಿಸಬೇಕು. ಕನ್ನಡವೇ ಮನೆಮಾತಾದರೂ ‘ಐತಿ’ ಎನ್ನುವ ಮಗುವಿಗೆ ಪುಸ್ತಕದ ‘ಇದೆ’ ಹೊಸದಾಗಿರಬಹುದು.

‘ಬಿಡಿಸಿ ಓದುವ ಕತೆ ಸಿಕ್ಕ ಮೇಲೆ ಕತೆ ಓದಿ ಹೇಳುವುದು ಬೇಕಿಲ್ಲ.’ ಇದು ತಪ್ಪು. ಹತ್ತು ಅಕ್ಷರದ ಕತೆಯಿಂದ ಪದಸಂಪತ್ತು ಬೆಳೆಯದು. ದೊಡ್ಡವರು ಓದಿ ಹೇಳುವ ಕತೆ, ಅಜ್ಜ ಅಜ್ಜಿಯರ ಮಾತು, ಒಗಟು, ಗಾದೆ ಇವೆಲ್ಲ ಗುಣಾಕಾರದ ಇನ್ನೊಂದು ಭಾಗವನ್ನು ಬೆಳೆಸುತ್ತವೆ. ಮಗು ತಾನೇ ಓದುವ ಕತೆ ಒಂದು, ನಾವು ಓದಿ ಹೇಳುವ ಕತೆ ಇನ್ನೊಂದು. ಎರಡೂ ಬೇಕು.

‘ಪುಸ್ತಕದ ಮೇಲೆ ಹಂತ 1 ಎಂದಿದ್ದರೆ ಮಗು ಓದಬಲ್ಲದು.’ ಹಾಗೇನಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಉಚಿತವಾಗಿ ಸಿಗುವ ಕನ್ನಡ ಕತೆಗಳು ಬಹಳ ಉಪಯುಕ್ತ. ಆದರೆ ಅಲ್ಲಿನ ಹಂತಗಳು ಮುಖ್ಯವಾಗಿ ಪದ ಮತ್ತು ವಾಕ್ಯಗಳ ಸರಳತೆಯನ್ನು ನೋಡಿ ಮಾಡಿದವು. ಮೊದಲ ಹಂತದ ಕತೆಯಲ್ಲೂ ಒತ್ತಕ್ಷರ ಇರಬಹುದು. ಕೊಡುವ ಮೊದಲು ನಿಮ್ಮ ಮಗು ಕಲಿತ ಅಕ್ಷರಗಳೇ ಇವೆಯೇ ಎಂದು ಒಮ್ಮೆ ಕಣ್ಣಾಡಿಸಿ.

‘ಓದಲಾಗದ ಮಗು ದಡ್ಡ ಅಥವಾ ಸೋಮಾರಿ.’ ಇದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ. ಡಿಸ್‌ಲೆಕ್ಸಿಯಾ ಎಂಬ ಕಲಿಕಾ ತೊಂದರೆಗೂ ಬುದ್ಧಿಶಕ್ತಿಗೂ ಸಂಬಂಧವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ನಿರ್ದಿಷ್ಟ ಕಲಿಕಾ ತೊಂದರೆಗಳನ್ನು ಗುರುತಿಸಿದೆ. ಚೆನ್ನಾಗಿ ಕಲಿಸಿದ ಮೇಲೂ ಎರಡನೇ, ಮೂರನೇ ತರಗತಿಯಲ್ಲಿ ಮಗು ಸರಳ ಪದಗಳಿಗೇ ಒದ್ದಾಡುತ್ತಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಅದರಲ್ಲಿ ತೊಂದರೆ ಇಲ್ಲದಿದ್ದರೆ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ಪರೀಕ್ಷೆ ಮತ್ತು ಮಾರ್ಗದರ್ಶನ ಸಿಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಇದಕ್ಕೆ ದುಬಾರಿ ತರಗತಿಯಾಗಲಿ, ಆ್ಯಪ್ ಆಗಲಿ ಬೇಕೇ ಬೇಕೆಂದಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ದಿನಕ್ಕೆ ಹತ್ತು ನಿಮಿಷ ಸಾಕು.

ಮಗುವಿಗೆ ಗಟ್ಟಿಯಾಗಿ ಬರುವ ಅಕ್ಷರಗಳ ಪಟ್ಟಿ ಮಾಡಿ. ಆ ಅಕ್ಷರಗಳಿಂದಷ್ಟೇ ನಾಲ್ಕೈದು ಸಾಲಿನ ಕತೆ ಕಟ್ಟಿ. ಮನೆಯವರ ಹೆಸರು, ಬೀದಿಯ ದನ, ಪಕ್ಕದ ಮರ ಏನಾದರೂ ಆಗಬಹುದು. ಮೊದಲು ಚಿತ್ರವಿಲ್ಲದೆ ಓದಲಿ, ಓದಿದ ಮೇಲೆ ಮಗುವೇ ಚಿತ್ರ ಬರೆಯಲಿ. ಆಗ ಚಿತ್ರ ಊಹೆಗೆ ದಾರಿಯಾಗುವ ಬದಲು ಅರ್ಥವಾಗಿದೆಯೇ ಎಂದು ನೋಡುವ ಸಾಧನವಾಗುತ್ತದೆ.

ತಡವರಿಸಿದಾಗ ತಕ್ಷಣ ಪದ ಹೇಳಿಬಿಡಬೇಡಿ, ‘ಚಿತ್ರ ನೋಡು’ ಎಂದೂ ಹೇಳಬೇಡಿ. ಅಕ್ಷರದ ಮೇಲೆ ಬೆರಳಿಟ್ಟು ‘ಇದೇನು? ಮುಂದಿನದು? ಈಗ ಕೂಡಿಸು’ ಎನ್ನಿ. ಸರಿಯಾಗಿ ಓದಿದ ಮೇಲೆ ‘ಹಾಗಾದರೆ ಏನಾಯ್ತು?’ ಎಂದು ಕೇಳಿ. ಒಂದು ಕತೆಯನ್ನು ಎರಡು ಮೂರು ದಿನ ಓದಿಸಿ, ಪೂರ್ತಿ ಬಾಯಿಗೆ ಬರುವ ಮೊದಲೇ ಅದೇ ಪದಗಳಿರುವ ಹೊಸ ಕತೆ ಕೊಡಿ. ಹಳೆಯ ಪದವನ್ನು ಹೊಸ ಜಾಗದಲ್ಲಿ ಗುರುತಿಸಿದರೆ ಮಗು ನಿಜವಾಗಿ ಕಲಿತಿದೆ ಎಂದರ್ಥ.

ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಬರಬೇಕೆಂಬ ಗುರಿಯಿಟ್ಟು ಕೇಂದ್ರ ಸರ್ಕಾರ 2021ರಲ್ಲಿ ‘ನಿಪುಣ್ ಭಾರತ್’ ಯೋಜನೆಯನ್ನು ಆರಂಭಿಸಿತು. ತರಗತಿಗಳಲ್ಲಿ ಈ ಗುರಿ ಮುಟ್ಟಲು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಒಂದಿದೆ. ಸರಾಗವಾಗಿ ಪಾಠ ಒಪ್ಪಿಸುವ ಮಗುವಿಗಿಂತ, ‘ಬ... ಸ... ವ, ಬಸವ!’ ಎಂದು ನಿಧಾನವಾಗಿ ಬಿಡಿಸುವ ಮಗು ಓದಿಗೆ ಹೆಚ್ಚು ಹತ್ತಿರವಿರುತ್ತದೆ. ಅಂಥ ಮಗುವನ್ನು ಅವಸರಪಡಿಸದೆ, ಅದಕ್ಕೆ ತಾನೇ ಓದಿ ಮುಗಿಸಬಲ್ಲ ಇನ್ನೊಂದು ಪುಟ್ಟ ಕತೆಯನ್ನು ಕೊಡಬೇಕು.